ಹಾಡಿನ ಗುರುತು, ಕಿವಿಯ ಕಾಳಜಿ

ಚೆನ್ನೈನ ಆರತಕ್ಷತೆಗಳಲ್ಲಿ, ಸಮಾರಂಭಗಳಲ್ಲಿ ಈಗ ಡಿಜೆ ಸಂಗೀತ ಅಪರೂಪವಲ್ಲ. ತಾಳ ಆರಂಭವಾಗುವ, ಪಲ್ಲವಿ ಬರುವ, ಮುಂದಿನ ಹಾಡಿಗೆ ದಾಟಬಹುದಾದ ಸ್ಥಳಗಳನ್ನು ಡಿಜೆ ಮೊದಲೇ ಗುರುತಿಸಿಡುತ್ತಾನೆ. ಇವೇ ‘ಕ್ಯೂ ಪಾಯಿಂಟು’ಗಳು. ಗುಂಡಿಯೊತ್ತಿದೊಡನೆ ಹಾಡು ಅಲ್ಲಿಂದಲೇ ಹೊರಡುತ್ತದೆ.

ಹಳೆಯ ಹಾಡುಗಳಿಗೆ ಈ ಸಿದ್ಧತೆ ಹೆಚ್ಚು ಬೇಕು. ಆಗ ಮದರಾಸೆನಿಸಿದ್ದ ಇದೇ ನಗರದ ಸ್ಟುಡಿಯೋಗಳಲ್ಲಿ ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಮೊದಲಾದವರು ವಾದ್ಯವೃಂದವನ್ನು ಕೂಡಿಸಿ ಮುದ್ರಿಸಿದ ಕನ್ನಡ ಗೀತೆಗಳಲ್ಲಿ ಲಯವು ಕೂದಲೆಳೆಯಷ್ಟು ಹಿಗ್ಗಿ ಕುಗ್ಗುವುದುಂಟು. (ಅದೇ ಅವುಗಳ ಸೊಗಸು!) ಗಣಕಯಂತ್ರದ ಲೆಕ್ಕ ಅಲ್ಲಿ ತಪ್ಪುತ್ತದೆ, ಕಿವಿಗೊಟ್ಟು ಕೇಳಿ ಕೈಯಾರೆ ಗುರುತು ಹಾಕಬೇಕು.

ಇದು ಮನೆಯಲ್ಲೇ, ಮೆಲುದನಿಯಲ್ಲಿ ಮುಗಿಯುವುದು ಆರೋಗ್ಯದೃಷ್ಟಿಯಿಂದಲೂ ಮೇಲು. ವೇದಿಕೆಯ ಅಬ್ಬರದ ನಡುವೆ ಸ್ಥಳ ಹುಡುಕುವವನು ಹೆಡ್‌ಫೋನಿನ ದನಿಯನ್ನು ಅದಕ್ಕೂ ಮೇಲೇರಿಸುತ್ತಾನೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬಲ್ ಶಬ್ದಕ್ಕೆ ದಿನಕ್ಕೆ 8 ಗಂಟೆಯ ಮಿತಿ. 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತ, 100ಕ್ಕೆ ಕೇವಲ 15 ನಿಮಿಷ. ಯಾವ ಚಕ್ರಬಡ್ಡಿಯೂ ಇಷ್ಟು ನಿರ್ದಯವಲ್ಲ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕಾರ್ಯಕ್ರಮದ ಮರುದಿನವೂ ಕಿವಿ ಗುಂಯ್‌ಗುಟ್ಟುತ್ತಿದ್ದರೆ ವೈದ್ಯರನ್ನು ಕಾಣತಕ್ಕದ್ದು.