ಆಟೋಗ್ರೂಪ್ (ಲಿನಕ್ಸ್)

ಆಟೋಗ್ರೂಪ್ ಎಂಬುದು ಲಿನಕ್ಸ್ ಕರ್ನಲ್‌ನ ಶೆಡ್ಯೂಲರ್‌ನಲ್ಲಿರುವ ಒಂದು ಸೌಲಭ್ಯ. ಯಾವುದಾದರೂ ತಂತ್ರಾಂಶವು ಅಲ್ಪಾವಧಿಯಲ್ಲಿ ಅನೇಕ ಥ್ರೆಡ್‌ಗಳನ್ನು ಅಥವಾ ಪ್ರಕ್ರಿಯೆಗಳನ್ನು ಸೃಷ್ಟಿಸಿದಾಗಲೂ ಗಣಕವು ಬಳಕೆದಾರರ ಆದೇಶಗಳಿಗೆ ತಡವಿಲ್ಲದೆ ಸ್ಪಂದಿಸುವಂತೆ ಮಾಡುವುದು ಇದರ ಉದ್ದೇಶ. ಮೈಕ್ ಗಾಲ್‌ಬ್ರೈತ್ ಅವರು ಸಿದ್ಧಪಡಿಸಿದ ಈ ಸೌಲಭ್ಯವು 2011ರ ಮಾರ್ಚ್‌ನಲ್ಲಿ ಬಿಡುಗಡೆಯಾದ 2.6.38 ಆವೃತ್ತಿಯಲ್ಲಿ ಕರ್ನಲ್‌ಗೆ ಸೇರ್ಪಡೆಯಾಯಿತು.

ಹಿನ್ನೆಲೆ

ಲಿನಕ್ಸ್ ಶೆಡ್ಯೂಲರ್‌ನ ದೃಷ್ಟಿಯಲ್ಲಿ ಥ್ರೆಡ್ ಮತ್ತು ಪ್ರಕ್ರಿಯೆಗಳೆರಡೂ 'ಟಾಸ್ಕ್'ಗಳೇ. ಇಂಗೊ ಮೊಲ್ನಾರ್ ಅವರು ರೂಪಿಸಿದ, 2007ರಲ್ಲಿ 2.6.23 ಆವೃತ್ತಿಯೊಂದಿಗೆ ಬಂದ 'ಕಂಪ್ಲೀಟ್ಲಿ ಫೇರ್ ಶೆಡ್ಯೂಲರ್' ಸಮಾನ ಆದ್ಯತೆಯ ಟಾಸ್ಕ್‌ಗಳಿಗೆ ಸಂಸ್ಕಾರಕದ ಸಮಯವನ್ನು ಸಮನಾಗಿ ಹಂಚುತ್ತಿತ್ತು. ಈ ಹಂಚಿಕೆ ಟಾಸ್ಕ್‌ಗಳ ನಡುವೆ ನ್ಯಾಯವಾಗಿದ್ದರೂ ತಂತ್ರಾಂಶಗಳ ನಡುವೆ ನ್ಯಾಯವಾಗಿರಲಿಲ್ಲ. ಹೆಚ್ಚು ಟಾಸ್ಕ್‌ಗಳನ್ನು ಸೃಷ್ಟಿಸಿದ ತಂತ್ರಾಂಶಕ್ಕೆ ಹೆಚ್ಚು ಪಾಲು ದೊರೆಯುತ್ತಿತ್ತು.

ಉದಾಹರಣೆಗೆ, ಒಂದೇ ಸಂಸ್ಕಾರಕವುಳ್ಳ ಗಣಕದಲ್ಲಿ ಒಂದು ಟರ್ಮಿನಲ್‌ನಿಂದ 19 ಟಾಸ್ಕ್‌ಗಳ ಕಂಪೈಲ್ ಕೆಲಸ ನಡೆಯುತ್ತಿದ್ದು, ಮತ್ತೊಂದು ಟರ್ಮಿನಲ್‌ನಿಂದ ಒಂದೇ ಟಾಸ್ಕ್‌ನ ವಿಡಿಯೊ ಪ್ಲೇಯರ್ ಓಡುತ್ತಿದೆ ಎಂದುಕೊಂಡರೆ, ಪ್ಲೇಯರ್‌ಗೆ ಸಿಗುವ ಪಾಲು ಶೇ. 5 ಮಾತ್ರ. ಇದು ಸಾಲದೆ ಹೋದಾಗ ದೃಶ್ಯವು ತಡೆತಡೆದು ಮೂಡುತ್ತದೆ.

ಕಾರ್ಯವಿಧಾನ

ಆಟೋಗ್ರೂಪ್ ಪ್ರತಿಯೊಂದು 'ಸೆಷನ್' ಅನ್ನು ಒಂದು ಗುಂಪೆಂದು ಪರಿಗಣಿಸುತ್ತದೆ. ಹೊಸ ಟರ್ಮಿನಲ್ ತೆರೆದಾಗ ಹೊಸ ಸೆಷನ್ ಆರಂಭವಾಗಿ, ಅದಕ್ಕೊಂದು ಗುಂಪು ತಾನಾಗಿಯೇ ಸೃಷ್ಟಿಯಾಗುತ್ತದೆ. ಮುಂದೆ ಹುಟ್ಟುವ ಪ್ರತಿಯೊಂದು ಟಾಸ್ಕ್ ತನ್ನ ಜನಕ ಟಾಸ್ಕ್‌ನ ಗುಂಪಿನಲ್ಲೇ ಉಳಿಯುತ್ತದೆ. ಸಂಸ್ಕಾರಕದ ಸಮಯವನ್ನು ಮೊದಲು ಗುಂಪುಗಳಿಗೆ, ಬಳಿಕ ಗುಂಪಿನೊಳಗಿನ ಟಾಸ್ಕ್‌ಗಳಿಗೆ ಹಂಚಲಾಗುತ್ತದೆ. ಹೀಗಾಗಿ ಮೇಲಿನ ಉದಾಹರಣೆಯಲ್ಲಿ ಕಂಪೈಲ್ ಕೆಲಸವು ಎಷ್ಟೇ ಟಾಸ್ಕ್‌ಗಳನ್ನು ಸೃಷ್ಟಿಸಿದರೂ, ಅಗತ್ಯ ಬಿದ್ದಲ್ಲಿ ವಿಡಿಯೊ ಪ್ಲೇಯರ್ ಅರ್ಧದಷ್ಟು ಸಮಯವನ್ನು ಪಡೆಯಬಲ್ಲದು. ಅದು ಬಳಸದೆ ಬಿಟ್ಟ ಸಮಯ ಕಂಪೈಲ್ ಕೆಲಸಕ್ಕೇ ಹೋಗುವುದರಿಂದ ಸಂಸ್ಕಾರಕವು ವ್ಯರ್ಥವಾಗಿ ಬಿಡುವಾಗಿರುವುದಿಲ್ಲ.

ಮಿತಿಗಳು

ಒಂದೇ ಸೆಷನ್‌ನಿಂದ ಆರಂಭವಾದ ತಂತ್ರಾಂಶಗಳು ಒಂದೇ ಗುಂಪಿಗೆ ಸೇರುವುದರಿಂದ ಅವುಗಳ ನಡುವಿನ ಪೈಪೋಟಿಗೆ ಆಟೋಗ್ರೂಪ್ ಪರಿಹಾರವಾಗದು. ಇದು ಸಕ್ರಿಯವಾಗಿದ್ದಾಗ, ಆದ್ಯತೆಯನ್ನು −20ರಿಂದ 19ರವರೆಗೆ ಸೂಚಿಸುವ 'ನೈಸ್' ಮೌಲ್ಯವು ಆಯಾ ಗುಂಪಿನೊಳಗೆ ಮಾತ್ರ ಪರಿಣಾಮ ಬೀರುತ್ತದೆ. ಆದ್ದರಿಂದ ಒಂದು ಟರ್ಮಿನಲ್‌ನಲ್ಲಿ ಕೆಲಸದ ಆದ್ಯತೆಯನ್ನು ತಗ್ಗಿಸಿದರೂ ಇತರ ಟರ್ಮಿನಲ್‌ಗಳ ಕೆಲಸಗಳಿಗೆ ಅದರಿಂದ ಪ್ರಯೋಜನವಾಗದಿರಬಹುದು. ಇಡೀ ಗುಂಪಿನ ನೈಸ್ ಮೌಲ್ಯವನ್ನು ಪ್ರತ್ಯೇಕವಾಗಿ ಬದಲಿಸಲು ಅವಕಾಶವಿದೆ. 'ಸಿಗ್ರೂಪ್' ವ್ಯವಸ್ಥೆಯ ಸಿಪಿಯು ನಿಯಂತ್ರಕದ ಮೂಲಕ ಬೇರೆ ಗುಂಪಿಗೆ ಸೇರಿಸಲಾದ ಟಾಸ್ಕ್‌ಗಳಿಗೆ ಆಟೋಗ್ರೂಪ್ ಅನ್ವಯಿಸುವುದಿಲ್ಲ.

ಟಾಸ್ಕ್‌ಗಳ ಸಂಖ್ಯೆಯ ನಿಯಂತ್ರಣ

ಆಟೋಗ್ರೂಪ್ ಸಮಯವನ್ನು ಹಂಚುತ್ತದೆಯೇ ಹೊರತು ಟಾಸ್ಕ್‌ಗಳ ಸಂಖ್ಯೆಗಾಗಲಿ, ಅವು ಬಳಸುವ ಮೆಮೊರಿಗಾಗಲಿ ಮಿತಿ ಹಾಕುವುದಿಲ್ಲ. ತನ್ನನ್ನೇ ನಿರಂತರವಾಗಿ ನಕಲು ಮಾಡಿಕೊಳ್ಳುವ 'ಫೋರ್ಕ್ ಬಾಂಬ್'ನಂತಹ ತಂತ್ರಾಂಶವು ಲಭ್ಯವಿರುವ ಪ್ರಕ್ರಿಯಾ ಸಂಖ್ಯೆಗಳನ್ನೆಲ್ಲ ಬಳಸಿಕೊಂಡರೆ, ಅದನ್ನು ನಿಲ್ಲಿಸುವ ಆದೇಶವನ್ನು ಚಲಾಯಿಸಲು ಬೇಕಾದ ಹೊಸ ಪ್ರಕ್ರಿಯೆಯನ್ನೂ ಆರಂಭಿಸಲಾಗದು. ಇದನ್ನು ತಡೆಯಲು ಪ್ರತಿ ಬಳಕೆದಾರರ ಟಾಸ್ಕ್‌ಗಳಿಗೆ ಗರಿಷ್ಠ ಮಿತಿಯನ್ನು ಗೊತ್ತುಪಡಿಸಬಹುದು. 2015ರ 4.3 ಆವೃತ್ತಿಯಲ್ಲಿ ಸೇರಿದ ಸಿಗ್ರೂಪ್‌ನ 'ಪಿಡ್ಸ್' ನಿಯಂತ್ರಕವು ಇಂತಹ ಮಿತಿಯನ್ನು ಒಂದೊಂದು ಗುಂಪಿಗೂ ವಿಧಿಸುತ್ತದೆ. ಮಿತಿ ತಲುಪಿದ ಬಳಿಕ ಆ ಗುಂಪಿನಲ್ಲಿ ಹೊಸ ಟಾಸ್ಕ್ ಸೃಷ್ಟಿಸುವ ಯತ್ನ ವಿಫಲವಾಗುತ್ತದೆ. ಉಳಿದ ಗುಂಪುಗಳು ಎಂದಿನಂತೆ ಮುಂದುವರಿಯುತ್ತವೆ.

ಫೋರ್ಕ್ ಬಾಂಬ್‌ನ ಪ್ರಕ್ರಿಯೆಗಳನ್ನು ಒಂದೊಂದಾಗಿ ಕೊನೆಗೊಳಿಸಿದರೆ ಉಳಿದವು ತೆರವಾದ ಸ್ಥಾನವನ್ನು ಒಡನೆಯೇ ತುಂಬುತ್ತವೆ. 2021ರ 5.14 ಆವೃತ್ತಿಯಿಂದ ಸಿಗ್ರೂಪ್‌ನ ಎಲ್ಲ ಪ್ರಕ್ರಿಯೆಗಳನ್ನು ಒಂದೇ ಆದೇಶದಿಂದ ಕೊನೆಗೊಳಿಸುವ ಸೌಲಭ್ಯವೂ ಲಭ್ಯವಿದೆ.