ಹವಳದ ತೊಟ್ಟಿ: ಹಾಸನದ ಸೀಮೆಯಲ್ಲಿ ಕಡಲಿನ ನೀರು ಕಟ್ಟುವ ವಿದ್ಯೆ

ಮನೆಯೊಳಗಿನ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಅದರಲ್ಲಿ ಕಡಲಿನ ಮೀನುಗಳನ್ನೂ ಜೀವಂತ ಹವಳಗಳನ್ನೂ ವರ್ಷಗಟ್ಟಲೆ ಉಳಿಸಿಕೊಳ್ಳುವ ವಿದ್ಯೆಯನ್ನು ಹವ್ಯಾಸಿಗಳು ‘ರೀಫ್ ಟ್ಯಾಂಕ್’ ಎನ್ನುತ್ತಾರೆ. ಗಪ್ಪಿ, ಗೋಲ್ಡ್‌ಫಿಶ್‌ಗಳನ್ನು ಬಿಟ್ಟುಕೊಳ್ಳುವ ಸಿಹಿನೀರಿನ ತೊಟ್ಟಿಗಿಂತ ಇದು ಬಹುಮಟ್ಟಿಗೆ ಬೇರೆಯಾದ ಕೆಲಸ. ಕಡಲಿನ ಜೀವಿಗಳು ಹುಟ್ಟಿದಂದಿನಿಂದ ಏರಿಳಿತವಿಲ್ಲದ ನೀರಿನಲ್ಲೇ ಬದುಕಿರುವುದರಿಂದ, ಮೊದಲು ನೀರನ್ನು ಸಾಕಲು ಕಲಿತವನಿಗಷ್ಟೇ ಇಲ್ಲಿ ಮೀನನ್ನು ಸಾಕಲು ಬರುತ್ತದೆ. ಹಾಸನದಿಂದ ಸಕಲೇಶಪುರದ ಮೇಲೆ ಶಿರಾಡಿ ಘಾಟಿಯಿಳಿದು ಮಂಗಳೂರು ಸೇರಲು ಸುಮಾರು 170 ಕಿಲೋಮೀಟರ್ ಆಗುತ್ತದೆ; ಚನ್ನರಾಯಪಟ್ಟಣದ ಕಡೆಯವರಿಗೆ ಕಡಲು ಇನ್ನೂ ದೂರ. ಆದರೂ ಈ ದೂರ ಈ ವಿದ್ಯೆಗೆ ಅಡ್ಡಿಯಾಗುವುದಿಲ್ಲ. ಅದಕ್ಕೆ ಕಾರಣ ಹತ್ತೊಂಬತ್ತನೆಯ ಶತಮಾನದ ಒಂದು ಸಂಶೋಧನೆಯಲ್ಲಿದೆ.

1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿದ ‘ಚಾಲೆಂಜರ್’ ಎಂಬ ಬ್ರಿಟಿಷ್ ಹಡಗು ಬೇರೆಬೇರೆ ಕಡಲುಗಳಿಂದ ತಂದ ನೀರಿನ 77 ಮಾದರಿಗಳನ್ನು ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ ವಿಶ್ಲೇಷಿಸಿ, 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಡಲಿನಿಂದ ಕಡಲಿಗೆ ಉಪ್ಪಿನ ಒಟ್ಟು ಸಾಂದ್ರತೆ ಹೆಚ್ಚುಕಡಿಮೆಯಾದರೂ, ಅದರಲ್ಲಿರುವ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಎಂಬುದು ಅದರಿಂದ ದೃಢಪಟ್ಟಿತು. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿರುವ ಸುಮಾರು 35 ಗ್ರಾಂ ಲವಣದಲ್ಲಿ ಕ್ಲೋರೈಡ್ 19 ಗ್ರಾಂ, ಸೋಡಿಯಂ 10.8 ಗ್ರಾಂ, ಸಲ್ಫೇಟ್ 2.7 ಗ್ರಾಂ, ಮೆಗ್ನೀಸಿಯಂ 1.3 ಗ್ರಾಂ, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಲಾ 0.4 ಗ್ರಾಂ ಇರುತ್ತವೆ. ಲೆಕ್ಕ ಇಷ್ಟು ಖಚಿತವಾಗಿರುವುದರಿಂದ ಅದೇ ಪ್ರಮಾಣದಲ್ಲಿ ಬೆರೆಸಿದ ಒಣ ಉಪ್ಪಿನ ಪುಡಿಯನ್ನು ಚೀಲದಲ್ಲಿ ತರಿಸಿಕೊಂಡು, ಶುದ್ಧ ನೀರಿನಲ್ಲಿ ಕರಗಿಸಿದರೆ ಯಾವ ಊರಿನಲ್ಲಾದರೂ ಸಮುದ್ರದ ನೀರನ್ನು ತಯಾರಿಸಿಕೊಳ್ಳಬಹುದು. ಅಡುಗೆಮನೆಯ ಉಪ್ಪು ಈ ಕೆಲಸಕ್ಕೆ ಬಾರದು. ಅದು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಅದರಲ್ಲಿಲ್ಲ. ಮಂಗಳೂರಿನ ದಡದಿಂದ ಕ್ಯಾನುಗಳಲ್ಲಿ ನೀರು ತರುವ ಯೋಚನೆಯೂ ಅಷ್ಟು ಜಾಣತನದ್ದಲ್ಲ, ಏಕೆಂದರೆ ನೇತ್ರಾವತಿ, ಗುರುಪುರ ನದಿಗಳು ಸೇರುವ ಆ ದಡದಲ್ಲಿ ಮಳೆಗಾಲದ ನೀರು ಉಪ್ಪು ಕಳೆದುಕೊಂಡು ಕೆಸರಾಗಿರುತ್ತದೆ.

ಹೀಗಾಗಿ ಉಪ್ಪಿಗಿಂತ ಹೆಚ್ಚಿನ ಪ್ರಶ್ನೆ ಅದನ್ನು ಕರಗಿಸುವ ನೀರಿನದು, ಮತ್ತು ಈ ಪ್ರಶ್ನೆಗೆ ಹಾಸನ ಜಿಲ್ಲೆಯ ಒಂದೊಂದು ತಾಲ್ಲೂಕು ಒಂದೊಂದು ಬಗೆಯಲ್ಲಿ ಉತ್ತರ ಹೇಳುತ್ತದೆ. ಮಲೆನಾಡಿನ ಮಳೆಯಿಂದ ತುಂಬಿ ಗೊರೂರಿನ ಅಣೆಕಟ್ಟು ದಾಟಿ ಹೊಳೆನರಸೀಪುರದ ದಡ ಸವರಿ ಹೋಗುವ ಹೇಮಾವತಿಯ ನೀರಿನಲ್ಲಿ ಕರಗಿದ ಲವಣಗಳು ಕಡಿಮೆ. ಅರಕಲಗೂಡು ತಾಲ್ಲೂಕಿಗಾದರೋ ಹೇಮಾವತಿಯ ಜೊತೆಗೆ ಕೊಡಗಿನಿಂದಿಳಿದ ಕಾವೇರಿಯೂ ಇದೆ. ಪೂರ್ವಕ್ಕೆ ಸರಿದು ತೆಂಗಿನ ಸೀಮೆಯಾದ ಚನ್ನರಾಯಪಟ್ಟಣಕ್ಕೆ ಬಂದರೆ ಆಳದ ಕೊಳವೆಬಾವಿಯ ನೀರು ಹಲವು ಕಡೆ ಗಡಸಾಗಿ, ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಹೊಲಗದ್ದೆಗೆ ಹಾಕಿದ ಗೊಬ್ಬರ ಇಳಿದ ಕಡೆ ನೈಟ್ರೇಟ್ ಕೂಡ ಸೇರಿರಬಹುದು. ಮನುಷ್ಯರು ಕುಡಿಯಬಹುದಾದ ನೀರೂ ಹವಳಕ್ಕೆ ಆಗದಿರಬಹುದು. ತಾಮ್ರದ ಸಣ್ಣ ಅಂಶವೂ ಸೀಗಡಿ, ಹವಳಗಳಿಗೆ ವಿಷ, ಫಾಸ್ಫೇಟ್ ಪಾಚಿಗೆ ಗೊಬ್ಬರ. ಆದ್ದರಿಂದ ನದಿಯ ನೀರಾಗಲಿ ಕೊಳವೆಬಾವಿಯ ನೀರಾಗಲಿ, ಮೊದಲು ಇದ್ದಿಲಿನ ಸೋಸುಕದಲ್ಲಿ ಕ್ಲೋರಿನ್ ಕಳೆದು, ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ಆರ್‌ಒ ಯಂತ್ರದಲ್ಲಿ ಸೋಸಿ, ಉಳಿದ ಲವಣಗಳನ್ನು ರಾಳದ ಮಣಿಗಳಿಂದ ಹೀರಿಸಿ, ಕರಗಿದ ಲವಣದ ಮೀಟರಿನಲ್ಲಿ ಸೊನ್ನೆ ಕಾಣುವವರೆಗೆ ಶುದ್ಧಮಾಡಬೇಕು. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನಿನಲ್ಲಿ ತಂದ ನೀರು ಈ ದಾರಿಯನ್ನು ಅರ್ಧದಷ್ಟು ಕಡಿಮೆಮಾಡುತ್ತದೆ. ಆದರೆ ಅದರಲ್ಲೂ ಲವಣ ಸ್ವಲ್ಪ ಉಳಿದಿರುವುದರಿಂದ ಕೊನೆಯ ರಾಳದ ಹಂತವನ್ನು ಮನೆಯಲ್ಲೇ ಪೂರೈಸಿಕೊಳ್ಳಬೇಕಾಗುತ್ತದೆ.

ನೀರು ಸಿದ್ಧವಾದ ಮೇಲೆ ಅದನ್ನು ಜೀವಂತವಾಗಿಡುವ ಕೆಲಸ ಬರುತ್ತದೆ. ಮೀನನ್ನು ಪೂಜ್ಯಭಾವದಿಂದ ಪೋಷಿಸುವ ರೂಢಿ ಈ ಸೀಮೆಗೆ ಹೊಸದಲ್ಲ: ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ರಾಮೇಶ್ವರ ದೇವಾಲಯದ ಬಳಿ ಕಾವೇರಿಯ ವಹ್ನಿಪುಷ್ಕರಣಿಯಲ್ಲಿ ದೇವರ ಮೀನುಗಳೆಂದು ಯಾರೂ ಹಿಡಿಯದೆ ಕಾಪಾಡಿಕೊಂಡು ಬಂದಿರುವ ಮೀನುಗಳಿವೆ, ಯಾತ್ರಿಕರು ಅವಕ್ಕೆ ಪುರಿ ಎಸೆಯುತ್ತಾರೆ. ಅಲ್ಲಿ ಮೀನು ತಿಂದು ಬಿಟ್ಟ ತ್ಯಾಜ್ಯವನ್ನು ಕಾವೇರಿ ಕೊಂಡೊಯ್ಯುತ್ತದೆ. ಗಾಜಿನ ತೊಟ್ಟಿಯಲ್ಲಿ ಹರಿಯುವ ಹೊಳೆಯಿಲ್ಲ. ಮೀನಿನ ಕಿವಿರಿನಿಂದ ಹೊರಬಿದ್ದ ಅಮೋನಿಯಾ ಅಲ್ಲೇ ಉಳಿದು, ಸ್ವಲ್ಪ ಹೆಚ್ಚಾದರೂ ಅದೇ ಮೀನನ್ನು ಕೊಲ್ಲುತ್ತದೆ. ಹೊಳೆಯ ಬದಲಿಗೆ ಇಲ್ಲಿ ದುಡಿಯುವುದು ಬ್ಯಾಕ್ಟೀರಿಯಾಗಳು: ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ, ರಂಧ್ರಗಳಿರುವ ಕಲ್ಲಿನ ಆಳದಲ್ಲಿ ಆಮ್ಲಜನಕವಿಲ್ಲದ ಕಡೆ ವಾಸಿಸುವ ಮೂರನೆಯ ಬಗೆಯವು ನೈಟ್ರೇಟನ್ನು ಒಡೆದು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಇವು ತಳವೂರಲು ನಾಲ್ಕರಿಂದ ಆರು ವಾರ ಬೇಕು, ಆವರೆಗೆ ತೊಟ್ಟಿಯಲ್ಲಿ ಒಂದು ಮೀನೂ ಇರಕೂಡದು. ಹೊಸಬರ ತೊಟ್ಟಿಗಳು ಕೆಡುವುದು ಬಹುಪಾಲು ಈ ಆರು ವಾರಗಳ ಅವಸರದಲ್ಲಿಯೇ.

ಯಂತ್ರಗಳಿಗಿಂತ ಕಲ್ಲನ್ನೇ ಹೆಚ್ಚು ನಂಬುವ ಈ ಪದ್ಧತಿಗೆ ಇಂಡೋನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ 1961ರಲ್ಲಿ ಪ್ರಕಟಿಸಿದ ಲೇಖನ ಮುಖ್ಯವಾದ ಆಧಾರ; ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದಲೇ ಅವರು ಹವಳಗಳನ್ನು ಉಳಿಸಿ ತೋರಿಸಿದ್ದರು. ಈಗ ಅದರ ಜೊತೆಗೆ ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನ ಸೇರಿದೆ. ಅದು ಕೊಳವೆಯೊಳಗೆ ಅತಿ ಸಣ್ಣ ಗುಳ್ಳೆಗಳನ್ನೆಬ್ಬಿಸಿ, ಅವುಗಳ ಮೈಗೆ ಅಂಟಿದ ಕೊಳೆಯನ್ನು ಕಂದುಬಣ್ಣದ ನೊರೆಯಾಗಿ ಮೇಲಿನ ಬಟ್ಟಲಿಗೆ ತಳ್ಳುತ್ತದೆ. ಈ ಉಪಾಯ ಉಪ್ಪುನೀರಿನಲ್ಲಿ ಚೆನ್ನಾಗಿ ನಡೆಯುತ್ತದೆ, ಸಿಹಿನೀರಿನಲ್ಲಿ ಅಷ್ಟು ನಡೆಯುವುದಿಲ್ಲ.

ಹವಳ ಗಿಡವಲ್ಲ, ಪ್ರಾಣಿ. ಸಾವಿರಾರು ಸಣ್ಣ ಪಾಲಿಪ್‌ಗಳು ಕೂಡಿ ಬಾಳುವ ಆ ದೇಹದ ಜೀವಕೋಶಗಳೊಳಗೆ ಜೂಕ್ಸಾಂತೆಲ್ಲೆ ಎಂಬ ಏಕಕೋಶ ಪಾಚಿ ನೆಲೆಸಿ, ಬೆಳಕಿನಿಂದ ಆಹಾರ ತಯಾರಿಸಿ, ತನ್ನನ್ನು ಹೊತ್ತ ಪ್ರಾಣಿಗೆ ಅದರ ಬಹುಭಾಗವನ್ನು ಕೊಡುತ್ತದೆ. ಹೀಗಾಗಿ ಹವಳ ಸಾಕುವವರು ಒಂದರ್ಥದಲ್ಲಿ ಬೆಳಕನ್ನೂ ಬೇಸಾಯ ಮಾಡಬೇಕು: ಕಡಲಾಳಕ್ಕೆ ಇಳಿಯುವ ನೀಲಿ ಬೆಳಕು ಹೆಚ್ಚಾಗಿರುವ ಎಲ್‌ಇಡಿ ದೀಪಗಳನ್ನು ದಿನಕ್ಕೆ ಎಂಟರಿಂದ ಹತ್ತು ಗಂಟೆ ಉರಿಸಬೇಕು, ನೀರನ್ನು ವೇವ್‌ಮೇಕರ್ ಎಂಬ ಪಂಪಿನಿಂದ ಅಲೆಯಾಡಿಸುತ್ತಿರಬೇಕು. ನೀರು ಹಲವು ವಾರ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೂ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಂಡು, ಉಪವಾಸದಿಂದ ಸಾಯತೊಡಗುತ್ತದೆ. ಲಕ್ಷದ್ವೀಪದ ಹವಳಗಳಿಗೆ 1998ರ ಬಿಸಿಗಾಲದಲ್ಲಿ ಆದದ್ದು ಇದೇ.

ಕಲ್ಲುಹವಳಗಳು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಹೀರಿ ಸುಣ್ಣದಕಲ್ಲಿನ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ತೊಟ್ಟಿಯ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಸುತ್ತಮುತ್ತ ಇರಬೇಕು. ಹವಳ ಬೆಳೆದಂತೆಲ್ಲ ಅದು ಇಳಿಯುತ್ತ ಹೋಗುತ್ತದೆ. ಈ ಕೊರತೆ ತುಂಬಲು ಹವ್ಯಾಸಿಗಳು ಬಳಸುವ ಹಳೆಯ ಉಪಾಯವೆಂದರೆ ಸುಣ್ಣದ ತಿಳಿನೀರು. ಲೀಟರಿಗೆ ಸುಮಾರು ಒಂದೂವರೆ ಗ್ರಾಮಿನಷ್ಟು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗಿಸಿ, ಗಸಿ ಕೆಳಗಿಳಿದ ಮೇಲೆ ಉಳಿದ ತಿಳಿಯನ್ನು ತೊಟ್ಟಿಗೆ ಹನಿಹನಿಯಾಗಿ ಬಿಡುತ್ತಾರೆ. ಹವಳ ಹೀರಿದ ಎರಡೂ ಪದಾರ್ಥಗಳು ಅದರಿಂದ ಸರಿಪ್ರಮಾಣದಲ್ಲಿ ಹಿಂದಿರುಗುತ್ತವೆ. ಎಲೆಅಡಿಕೆಗೆ ಹಚ್ಚುವ ಸುಣ್ಣವೂ ರಾಸಾಯನಿಕವಾಗಿ ಇದೇ ವಸ್ತು, ಆದರೆ ಅದರಲ್ಲಿ ಏನೇನು ಬೆರೆತಿದೆಯೆಂದು ತಿಳಿಯದ ಕಾರಣ ಶುದ್ಧಗೊಳಿಸಿದ ಪುಡಿಯನ್ನೇ ಕೊಳ್ಳುವುದು ಒಳ್ಳೆಯದು. ಈ ತಿಳಿನೀರಿನ ಕ್ಷಾರ ಬಹಳ ತೀಕ್ಷ್ಣ; ಒಮ್ಮೆಗೇ ಸುರಿದರೆ ಮೀನುಗಳು ಬದುಕುವುದಿಲ್ಲ. ದಿನವೂ ಆವಿಯಾಗುವ ನೀರನ್ನು ತುಂಬುವ ಕೆಲಸಕ್ಕೂ ಇದನ್ನೇ ಬಳಸಬಹುದು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ; ಆದ್ದರಿಂದ ಕಡಿಮೆಯಾದದ್ದನ್ನು ಎಂದಿಗೂ ಉಪ್ಪುನೀರಿನಿಂದ ತುಂಬಬಾರದು.

ಹಾಸನದ ಹವೆ ಈ ತೊಟ್ಟಿಗೆ ಕರಾವಳಿಯ ಹವೆಗಿಂತ ಹೆಚ್ಚು ಅನುಕೂಲ. ನೀರಿನ ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಂಗಳೂರಿನಲ್ಲಿ ಅದಕ್ಕೆ ನೀರನ್ನು ತಣ್ಣಗಾಗಿಸುವ ಚಿಲ್ಲರ್ ಎಂಬ ದುಬಾರಿ ಯಂತ್ರ ಬೇಕಾದರೆ, ಇಲ್ಲಿ ಬೇಸಿಗೆಯ ಕೆಲವು ವಾರ ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೂ ಬಹುಮಟ್ಟಿಗೆ ಸಾಕು, ಚಳಿಗಾಲದ ರಾತ್ರಿಗಳಿಗೆ ಮಾತ್ರ ಹೀಟರ್ ಬೇಕು. ಆದರೆ ಈ ಎತ್ತರಕ್ಕೆ ಒಂದು ಬೆಲೆಯೂ ಇದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಭಾಗ ಕಡಿಮೆ, ಆದ್ದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ; ಮೊದಲೇ ಬೆಚ್ಚಗಿನ ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕ ಹಿಡಿಯಲಾರದು. ಮಳೆಗಾಲದ ರಾತ್ರಿಯಲ್ಲಿ ವಿದ್ಯುತ್ ಹೋಗಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಈ ಸೀಮೆಯಲ್ಲಿ ತೊಟ್ಟಿ ಇಡುವವರು ದೀಪಕ್ಕಿಂತ ಮೊದಲು ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ಕೊಳ್ಳಬೇಕು.

ಇಷ್ಟೆಲ್ಲ ಸಿದ್ಧಮಾಡಿದ ಮೇಲೂ ಉಳಿಯುವ ದೊಡ್ಡ ಪ್ರಶ್ನೆ, ಜೀವಿಗಳು ಎಲ್ಲಿಂದ ಬರಬೇಕು ಎಂಬುದು. ಕರ್ನಾಟಕದ ಕಡಲಿನಲ್ಲೂ ಹವಳಗಳಿವೆ. ಮುರುಡೇಶ್ವರದಿಂದಾಚೆಯ ನೇತ್ರಾಣಿ ದ್ವೀಪದ ಸುತ್ತ ಮುಳುಗುಗಾರರು ಅವನ್ನು ನೋಡಿ ಬರುತ್ತಾರೆ. ಅವನ್ನು ಅಲ್ಲಿಂದ ತರುವುದು ಅಪರಾಧ: ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳು, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆಗಳು ಸೇರಿವೆ, ಕಡಲಕುದುರೆಯೂ ಅದೇ ವರ್ಷ ಸೇರಿತು. ಹುಲಿಗೆ ಇರುವ ಕಾನೂನಿನ ರಕ್ಷಣೆಯೇ ಇವಕ್ಕೂ ಇದೆ, ಸತ್ತ ಹವಳದ ತುಂಡಿಗೂ ಅದು ಅನ್ವಯಿಸುತ್ತದೆ. ಆದ್ದರಿಂದ ಕಡಲಿನಿಂದ ಕಿತ್ತ ‘ಜೀವಂತ ಕಲ್ಲಿನ’ ಬದಲು ಸುಟ್ಟ ಮಣ್ಣಿನ ರಂಧ್ರದ ಕಲ್ಲನ್ನು ಬಳಸುವುದೇ ಸರಿಯಾದ ದಾರಿ, ಬ್ಯಾಕ್ಟೀರಿಯಾ ಅದರಲ್ಲೂ ನೆಲೆಸುತ್ತದೆ. ಕಾನೂನು ಇಷ್ಟು ಬಿಗಿಯಾಗಿರುವುದು ನ್ಯಾಯ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಜೀವಿಯನ್ನು ಒಂದು ಮನೆಯ ಅಂದಕ್ಕಾಗಿ ಕೀಳುವುದನ್ನು ಯಾವ ಹವ್ಯಾಸವೂ ಸಮರ್ಥಿಸಲಾರದು.

ಮೀನಿನ ವಿಷಯದಲ್ಲಿ ಸ್ಥಿತಿ ಹೆಚ್ಚು ಆಶಾದಾಯಕ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂ, ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್‌ಫಿಶ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನ ರೂಪಿಸಿದೆ; ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಅನುವಂಶಿಕ ಸಂಪನ್ಮೂಲ ಬ್ಯೂರೋ ಅಲಂಕಾರಿಕ ಸೀಗಡಿಗಳ ಸಾಕಣೆಯನ್ನು ದ್ವೀಪದ ಹೆಂಗಸರಿಗೆ ಕಲಿಸಿದೆ. ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಯ ಕ್ಲೌನ್‌ಫಿಶ್ ಜೋಡಿಯಾಗಿ ಬಾಳುವ ಮೀನು. ಜೋಡಿಯಲ್ಲಿ ದೊಡ್ಡದು ಹೆಣ್ಣು, ಅದು ಸತ್ತರೆ ಉಳಿದ ಗಂಡು ಹೆಣ್ಣಾಗಿ ಬದಲಾಗುತ್ತದೆ. ಕಲ್ಲಿಗೆ ಅಂಟಿಸಿದ ಮೊಟ್ಟೆಗಳಿಗೆ ಒಂದು ವಾರದಷ್ಟು ಕಾಲ ಗಂಡು ರೆಕ್ಕೆ ಬೀಸಿ ಗಾಳಿ ಕೊಡುತ್ತದೆ. ತೊಟ್ಟಿಯಲ್ಲೇ ಹುಟ್ಟಿದ ಮರಿಗಳು ಕಡಲಿನಿಂದ ಹಿಡಿದು ತಂದವುಗಳಿಗಿಂತ ಗಟ್ಟಿಯಾಗಿರುತ್ತವೆ, ಒಣ ಆಹಾರವನ್ನೂ ಸಲೀಸಾಗಿ ತಿನ್ನುತ್ತವೆ, ಹೊಸಬರು ಇವುಗಳಿಂದಲೇ ಆರಂಭಿಸಬೇಕು. ಹವಳಗಳ ಸಾಲಿನಲ್ಲಿ ಸರಿಯಾದ ಆಮದು ಕಾಗದಗಳಿರುವ, ತೊಟ್ಟಿಯಲ್ಲಿ ತುಂಡರಿಸಿ ಬೆಳೆಸಿದ ಮೆದುಹವಳ, ಅಣಬೆಹವಳಗಳಿಗೆ ಮಿತಿಗೊಳ್ಳುವುದು ಕ್ಷೇಮ. ಕಾಗದ ತೋರಿಸದ ಮಾರಾಟಗಾರರಿಂದ ಏನನ್ನೂ ಕೊಳ್ಳಬಾರದು. ಗುಂಡಿಯ ಆಕಾರದ ಜೊವಾಂತಿಡ್‌ಗಳು ನೋಡಲು ಬಹಳ ಚೆಂದ, ಆದರೆ ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುವುದರಿಂದ ಕೈಗವಸಿಲ್ಲದೆ ಮುಟ್ಟಬಾರದು, ಅವು ಅಂಟಿದ ಕಲ್ಲನ್ನು ಸ್ವಚ್ಛಮಾಡಲೆಂದು ಎಂದಿಗೂ ಕುದಿಸಬಾರದು. ಹಬೆಯಲ್ಲಿ ಹರಡಿದ ವಿಷಕ್ಕೆ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಸಂಗಗಳು ಬೇರೆ ದೇಶಗಳಲ್ಲಿ ನಡೆದಿವೆ.

ನಿತ್ಯದ ಪಾಲನೆಯಲ್ಲಿ ಮುಖ್ಯವಾದದ್ದು ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರನ್ನು ತೆಗೆದು ಹೊಸ ಉಪ್ಪುನೀರು ತುಂಬುವುದು. 200 ಲೀಟರಿನ ತೊಟ್ಟಿಯಲ್ಲಿ ಅದು 20 ಲೀಟರ್ ಆಗುತ್ತದೆ, ಅದರೊಡನೆ ಸುಮಾರು 700 ಗ್ರಾಂ ಉಪ್ಪು ಹೊರಹೋಗುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ 36 ಕಿಲೋಗ್ರಾಂ. ಈ ನೀರನ್ನು ಎಲ್ಲಿ ಚೆಲ್ಲಬೇಕೆಂಬುದು ಬೇಸಾಯದ ಊರುಗಳಲ್ಲಿ ಸಣ್ಣ ಪ್ರಶ್ನೆಯಲ್ಲ. ತೆಂಗಿನ ಸಸಿಯ ಗುಂಡಿಗೆ ಉಪ್ಪು ಹಾಕುವ ರೂಢಿಯುಂಟೆಂದು ಮರದ ಬುಡಕ್ಕೇ ಸುರಿಯಲು ಮನಸ್ಸಾಗಬಹುದು. ಆದರೆ ಒಂದೇ ಪಾತಿಗೆ ವರ್ಷವಿಡೀ ಸುರಿದ ಸೋಡಿಯಂ ಮಣ್ಣನ್ನು ಜಿಗುಟಾಗಿಸಿ ಬೇರಿಗೆ ಗಾಳಿಯಾಡದಂತೆ ಮಾಡುತ್ತದೆ. ಕೊಳವೆಬಾವಿಯ ಬಳಿಯ ಇಂಗುಗುಂಡಿಗೆ ಬಿಟ್ಟರೆ ಅದು ಅಂತರ್ಜಲವನ್ನೇ ಸೇರುತ್ತದೆ, ಮೊದಲೇ ಗಡಸಾದ ನೀರಿರುವ ಚನ್ನರಾಯಪಟ್ಟಣದ ಕಡೆ ಅದು ಇನ್ನೂ ಕೆಡುಕು. ಕೆರೆ, ಕಾಲುವೆಗಳಿಗೂ ಬಿಡಬಾರದು. ಒಳಚರಂಡಿ ಇರುವ ಕಡೆ ಶೌಚಾಲಯದ ಮೂಲಕ ಹೆಚ್ಚು ನೀರಿನೊಡನೆ ಹಾಯಿಸಿಬಿಡುವುದು, ಇಲ್ಲದ ಕಡೆ ಬಿಸಿಲಿಗೆ ಅಗಲವಾದ ತಟ್ಟೆಯಲ್ಲಿಟ್ಟು ಒಣಗಿಸಿ ಉಳಿದ ಉಪ್ಪನ್ನು ಕಸದೊಡನೆ ಕೊಡುವುದು ಸದ್ಯಕ್ಕೆ ಇರುವ ಸರಿಯಾದ ಕ್ರಮ.