ಕಲ್ಲಿಕೋಟೆಯನ್ನು ತಡೆದು ಭದ್ರಾವತಿಯನ್ನು ಬಿಡುವ ಡಬ್ಬಿ

ಮಧ್ಯಮ ತರಂಗದ ರೇಡಿಯೊ ಮನೆಮನೆಯಲ್ಲಿದ್ದ ಕಾಲದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯವರಿಗೆ ಕತ್ತಲಾದ ಮೇಲೆ ಒಂದು ತೊಡಕು ಎದುರಾಗುತ್ತಿತ್ತು. ಭದ್ರಾವತಿ ಆಕಾಶವಾಣಿಯನ್ನು ಕೇಳೋಣವೆಂದು ಮುಳ್ಳನ್ನು 675 ಕಿಲೋಹರ್ಟ್ಸ್‌ಗೆ ತಂದು ನಿಲ್ಲಿಸಿದರೆ, ಕನ್ನಡದ ಬೆನ್ನಿಗೇ ಮಲಯಾಳದ ಮಾತು ಹತ್ತಿಕೊಂಡು ಬರುತ್ತಿತ್ತು. ಅದು ಕಲ್ಲಿಕೋಟೆ ನಿಲಯ. ಅದರ ಜಾಗ 684. ಎರಡರ ನಡುವೆ ಇದ್ದ ಅಂತರ ಕೇವಲ 9 ಕಿಲೋಹರ್ಟ್ಸ್.

ಭೂಪಟದ ಮೇಲೆ ನೇರ ಗೆರೆ ಎಳೆದು ನೋಡಿ. ಚಂದಕವಾಡಿಯಿಂದ ಕಲ್ಲಿಕೋಟೆಗೆ ಸುಮಾರು 150 ಕಿ.ಮೀ., ಭದ್ರಾವತಿಗೆ ಸುಮಾರು 250 ಕಿ.ಮೀ. ಘಟ್ಟದಾಚೆಯ ನೆರೆಯವರೇ ನಮ್ಮವರಿಗಿಂತ ಹತ್ತಿರ! ಕೊಯಮತ್ತೂರಂತೂ ಬೆಟ್ಟ ಇಳಿದರೆ ಸಿಕ್ಕಿತು. ಅದರ ತಮಿಳು 999ರಲ್ಲಿ ಬರುತ್ತಿತ್ತು. ಹಗಲು ಹೊತ್ತು ವಾಯುಮಂಡಲದ ಮೇಲಿನ ಒಂದು ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗಿ, ಇನ್ನೂ ಎತ್ತರದ ಪದರಕ್ಕೆ ತಾಗಿ ಮರಳಿದ ಅಲೆಗಳು ದೂರದೂರಕ್ಕೆ ಬಂದಿಳಿಯುತ್ತವೆ. ಹಾಗಾಗಿ ಇರುಳಿನ ಆಕಾಶ ಸಂತೆಯಂತಾಗುತ್ತದೆ. ಈ ಸಂತೆಯಲ್ಲಿ ಬೇಕಾದವನ ದನಿಯೊಂದನ್ನೇ ಹೆಕ್ಕಿ ಕೊಡಬೇಕಾದದ್ದು ರೇಡಿಯೊದೊಳಗಿನ ಬೆರಳ ತುದಿಯಷ್ಟು ದೊಡ್ಡ ತಗಡಿನ ಡಬ್ಬಿಗಳ ಕೆಲಸ.

ನೀಲಗಾರರ ತಂಬೂರಿಯನ್ನು ನೆನೆದುಕೊಳ್ಳಿ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮುಟ್ಟದ ಇನ್ನೊಂದೂ ನಡುಗುತ್ತದೆ. ಶ್ರುತಿ ಸ್ವಲ್ಪ ತಪ್ಪಿದರೆ ಅದು ಸುಮ್ಮನಿರುತ್ತದೆ. ಇದೇ ಅನುರಣನ. ವಿದ್ಯುತ್ತಿನಲ್ಲಿ ಇದನ್ನು ಸಾಧಿಸಲು ತಾಮ್ರದ ತಂತಿಯ ಸುರುಳಿಯೊಂದು, ಕಂಡೆನ್ಸರ್ ಒಂದು ಸಾಕು. ಕಂಡೆನ್ಸರಿನಲ್ಲಿ ತುಂಬಿದ ವಿದ್ಯುತ್ತು ಸುರುಳಿಗೆ ಹರಿಯುತ್ತದೆ, ಸುರುಳಿಯ ಕಾಂತಶಕ್ತಿ ಅದನ್ನು ಮತ್ತೆ ಕಂಡೆನ್ಸರಿಗೆ ತಳ್ಳುತ್ತದೆ. ಉಯ್ಯಾಲೆಯ ಹಾಗೆ ಆ ಕಡೆಯಿಂದ ಈ ಕಡೆಗೆ. ಈ ತೂಗಾಟದ ವೇಗ ಎರಡರ ಅಳತೆಯಿಂದ ನಿಶ್ಚಯವಾಗುತ್ತದೆ. 680 ಮೈಕ್ರೊಹೆನ್ರಿಯ ಸುರುಳಿಗೆ 180 ಪಿಕೊಫ್ಯಾರಡ್ ಕಂಡೆನ್ಸರನ್ನು ಸೇರಿಸಿದರೆ ಅದು ಸೆಕೆಂಡಿಗೆ ಸುಮಾರು 4 ಲಕ್ಷ 55 ಸಾವಿರ ಸಲ ತೂಗುತ್ತದೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಲಯವೊಂದು ಆಕಾಶದಲ್ಲಿ ಬರಿಯ ಒಂದು ಗೆರೆಯಲ್ಲ. ಮಾತು, ಹಾಡು ಬೆರೆತೊಡನೆ ಆ ಗೆರೆ ಎರಡೂ ಬದಿಗೆ ಹರಡಿ ಪಟ್ಟಿಯಾಗುತ್ತದೆ. ಆದ್ದರಿಂದ ಜರಡಿಯ ಕಣ್ಣು ತೀರಾ ಕಿರಿದಾದರೆ ಹಾಡಿನ ಹೆಚ್ಚಿನ ಸ್ಥಾಯಿ ಸತ್ತು, ಗಾಯಕ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ದೊಡ್ಡದಾದರೆ ಕಲ್ಲಿಕೋಟೆ ಒಳಗೆ ಬರುತ್ತದೆ. ಬೇಕಾದ ಪಟ್ಟಿಯನ್ನು ಮಾತ್ರ ಬಿಟ್ಟು ಎರಡೂ ಪಕ್ಕವನ್ನು ತಡೆಯುವ ಸಾಧನಕ್ಕೆ ಬ್ಯಾಂಡ್‌ಪಾಸ್ ಫಿಲ್ಟರ್ ಎಂದು ಹೆಸರು.

ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟಿನ ಪುಟ್ಟ ಪ್ರಸಾರ ಆರಂಭಿಸಿದಾಗ ಈ ಚಿಂತೆ ಅಷ್ಟಾಗಿ ಇರಲಿಲ್ಲ. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದದ್ದು ಆ ನಿಲಯದಿಂದಲೇ. ಅಂದಿನ ಆಕಾಶ ಬಹುಮಟ್ಟಿಗೆ ಖಾಲಿ. ನಿಲಯಗಳು ಹೆಚ್ಚುತ್ತ ಹೋದಂತೆ ಜಾಗದ ಜಗಳವೂ ಹೆಚ್ಚಿತು. 1975ರ ಜಿನೀವಾ ಒಪ್ಪಂದ ನಮ್ಮ ಭಾಗದ ಮಧ್ಯಮ ತರಂಗವನ್ನು 9 ಕಿಲೋಹರ್ಟ್ಸ್‌ಗಳ ಅಂಕಣಗಳಾಗಿ ಹಂಚಿತು. 1978ರಿಂದ ಆ ಏರ್ಪಾಡು ಜಾರಿಗೆ ಬಂತು. 531ರಿಂದ 1602ರವರೆಗೆ ಒಂದರ ಪಕ್ಕ ಒಂದು, ಪೇಟೆ ಬೀದಿಯ ಮಳಿಗೆಗಳಂತೆ.

ಹಾಗಾದರೆ ಮುಳ್ಳಿನ ಜೊತೆಗೇ ತಿರುಗುವ ಫಿಲ್ಟರೊಂದನ್ನು ಮಾಡಬಾರದೇ? ಮಾಡಬಹುದು, ಆದರೆ ಅದು ಸಾಲದು. ಸುರುಳಿಯ ತಂತಿಯಲ್ಲಿ ಶಕ್ತಿ ಸ್ವಲ್ಪ ಸೋರುತ್ತದೆ. ಸೋರಿಕೆ ಕಡಿಮೆ ಇದ್ದಷ್ಟೂ ಗುಣಾಂಕ ಹೆಚ್ಚು. ಕಂಪನಾಂಕವನ್ನು ಗುಣಾಂಕದಿಂದ ಭಾಗಿಸಿದರೆ ಪಟ್ಟಿಯ ಅಗಲ ಸಿಗುತ್ತದೆ. ಗುಣಾಂಕ 50 ಇರುವ ಸುರುಳಿ 531ರ ತುದಿಯಲ್ಲಿ ಹೆಚ್ಚುಕಡಿಮೆ 11 ಕಿಲೋಹರ್ಟ್ಸ್ ಅಗಲ ಬಿಟ್ಟರೆ, 1602ರ ತುದಿಯಲ್ಲಿ 32 ಬಿಡುತ್ತದೆ. ಒಂದು ತುದಿಯಲ್ಲಿ ಒಬ್ಬ ಅತಿಥಿ, ಇನ್ನೊಂದು ತುದಿಯಲ್ಲಿ ಮೂವರು!

ಇದಕ್ಕೆ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಜಾಣ ದಾರಿ ಹುಡುಕಿದ. ಫಿಲ್ಟರನ್ನು ನಿಲಯದ ಹತ್ತಿರ ಒಯ್ಯಬೇಡಿ, ನಿಲಯವನ್ನೇ ಫಿಲ್ಟರಿನ ಹತ್ತಿರ ಕರೆತನ್ನಿ ಎಂಬುದು ಅದರ ಸಾರ. ರೇಡಿಯೊ ತನ್ನೊಳಗೇ ಇನ್ನೊಂದು ಕಂಪನ ಹುಟ್ಟಿಸಿಕೊಳ್ಳುತ್ತದೆ. ಬೆಂಗಳೂರಿನ 612 ಬೇಕಾದರೆ ಒಳಗಿನದು 1067. ಎರಡನ್ನೂ ಬೆರೆಸಿದಾಗ ವ್ಯತ್ಯಾಸ 455. ಭದ್ರಾವತಿ ಬೇಕೆಂದರೆ ಒಳಗಿನದು 1130 ಆಗುತ್ತದೆ, ವ್ಯತ್ಯಾಸ ಮತ್ತೆ 455. ಮುಳ್ಳು ತಿರುಗಿಸುವಾಗ ನಾವು ಬದಲಿಸುವುದು ಮುಖ್ಯವಾಗಿ ಈ ಒಳಕಂಪನವನ್ನು. ಯಾವ ಊರಿನ ದನಿಯಾದರೂ ಕೊನೆಗೆ 455ಕ್ಕೆ ಇಳಿಯುವುದರಿಂದ, ಅದೊಂದಕ್ಕೇ ಎಚ್ಚರದಿಂದ ಕೂಡಿಸಿದ ಫಿಲ್ಟರುಗಳು ಸಾಕು. ತಗಡಿನ ಡಬ್ಬಿಗಳು ಇವೇ. ಅಂಗಡಿಯವರ ಬಾಯಲ್ಲಿ ಇವು ಐ.ಎಫ್.ಟಿ.

ಹಳೆಯ ವಾಲ್ವ್ ಸೆಟ್ಟುಗಳ ಡಬ್ಬಿ ದೊಡ್ಡದು, ಒಳಗೆ ಎದುರುಬದುರಾಗಿ ಎರಡು ಸುರುಳಿ. ಅವುಗಳ ನಡುವಿನ ದೂರದಲ್ಲಿಯೇ ಕುಶಲತೆ ಇದೆ. ತೀರಾ ದೂರವಾದರೆ ದನಿ ಸೊರಗುತ್ತದೆ. ತೀರಾ ಹತ್ತಿರವಾದರೆ ಶಿಖರ ಒಡೆದು ಒಂಟೆಯ ಎರಡು ಡುಬ್ಬಗಳಂತಾಗುತ್ತದೆ. ಸರಿಯಾದ ದೂರದಲ್ಲಿ ಮಾತ್ರ ನೆತ್ತಿ ಚಪ್ಪಟೆ, ಬದಿ ಕಡಿದಾದ ಗುಡ್ಡ. ಟ್ರಾನ್ಸಿಸ್ಟರು ಬಂದಾಗ ಜಾಗ ಉಳಿಸಲು ಸಾಮಾನ್ಯವಾಗಿ ಡಬ್ಬಿಗೊಂದೇ ಶ್ರುತಿಕೂಟವಿಟ್ಟು, ಹಳದಿ, ಬಿಳಿ, ಕಪ್ಪು ತಲೆಯ ಮೂರು ಡಬ್ಬಿಗಳನ್ನು ಸಾಲಾಗಿ ಜೋಡಿಸಿದರು. ಗುಣಾಂಕ 50ರ ಒಂದು ಕೂಟ 9 ಕಿಲೋಹರ್ಟ್ಸ್ ಆಚೆಯ ನಿಲಯವನ್ನು ಅರ್ಧಕ್ಕಿಂತ ತುಸು ಕೆಳಗೆ ಇಳಿಸುತ್ತದೆ, ಅಷ್ಟೆ. ಮೂರು ಸೇರಿದರೆ ಅದರ ಬಲ ಹನ್ನೊಂದರಲ್ಲಿ ಒಂದು ಪಾಲಾಗುತ್ತದೆ. ಕಲ್ಲಿಕೋಟೆ ಪೂರ್ತಿ ಬಾಯಿ ಮುಚ್ಚದಿದ್ದರೂ ಪಕ್ಕದ ಕೋಣೆಗೆ ಹೋದಂತಾಗುತ್ತದೆ.

ಈ ಡಬ್ಬಿಗಳ ನೆತ್ತಿಯಲ್ಲಿ ತಿರುಪಿನಂತೆ ಕಾಣುವುದು ಸುರುಳಿಯ ಶ್ರುತಿ ಕೂಡಿಸುವ ಫೆರೈಟ್. ಹುಡುಗನಾಗಿದ್ದಾಗ ನಾನು ಮನೆಯ ಸೆಟ್ಟನ್ನು ಬಿಚ್ಚಿ, ಸಡಿಲವಾಗಿವೆಯೆಂದು ಮೂರನ್ನೂ ಬಿಗಿ ಮಾಡಿಬಿಟ್ಟಿದ್ದೆ. ಅಂದು ರಾತ್ರಿ ಯಾವ ಊರೂ ಸಿಗಲಿಲ್ಲ, ಬೆನ್ನಿಗೆ ಮಾತ್ರ ಸರಿಯಾಗಿ ಸಿಕ್ಕಿತು. ರಿಪೇರಿಯವರು ಬಿದಿರು ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಸೀವಿ, ಕಿವಿಗೊಟ್ಟು, ಒಂದೊಂದನ್ನೇ ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಿದರು. ಕಬ್ಬಿಣದ ಸ್ಕ್ರೂಡ್ರೈವರ್ ಏಕಿಲ್ಲ ಎಂದು ಆಗ ತಿಳಿಯಲಿಲ್ಲ. ಲೋಹ ಹತ್ತಿರ ಬಂದರೆ ಸುರುಳಿಯ ಶ್ರುತಿಯೇ ಬದಲಾಗುತ್ತದೆ. ಕೈ ತೆಗೆದೊಡನೆ ಮಾಡಿದ ಕೆಲಸ ವ್ಯರ್ಥ.

ಮುಂದೆ ಆ ಡಬ್ಬಿಗಳ ಕೆಲಸವನ್ನು ಅವರೆಕಾಳಿನಷ್ಟು ದೊಡ್ಡ ಸೆರಾಮಿಕ್ ಬಿಲ್ಲೆ ವಹಿಸಿಕೊಂಡಿತು. ವಿದ್ಯುತ್ತು ತಾಗಿದರೆ ನಿಜವಾಗಿಯೇ ಅದುರುವ, ಅದುರಿದರೆ ವಿದ್ಯುತ್ತು ಕೊಡುವ ವಸ್ತು ಇದು. ಗಾಳಿಯಲ್ಲಿ 455 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 660 ಮೀಟರ್. ಬಿಲ್ಲೆಯೊಳಗೆ ಅದು ಶಬ್ದದ ಅಲೆಯಾಗಿ ನಡೆಯುವುದರಿಂದ ಒಂದು ಸೆಂಟಿಮೀಟರಿನ ಆಸುಪಾಸಿಗೆ ಕುಗ್ಗುತ್ತದೆ. ಹೀಗಾಗಿ ಸುರುಳಿಯೂ ಬೇಡ, ಬಿದಿರು ಕಡ್ಡಿಯೂ ಬೇಡ. ಇದೇ ತತ್ತ್ವವನ್ನು ಇನ್ನೂ ಮೇಲಿನ ಕಂಪನಾಂಕಗಳಿಗೆ ಒಯ್ದಾಗ ಮೊಬೈಲ್ ಫೋನಿನೊಳಗಿನ ಫಿಲ್ಟರುಗಳು ಬಂದವು. ಹರಳಿನ ಮೈಮೇಲೆ ಕೂದಲೆಳೆಗಿಂತ ಸಣ್ಣ ಗೆರೆಗಳು, ಅವುಗಳ ನಡುವೆ ಸಾಗುವ ಮೈಕ್ರಾನ್ ಲೆಕ್ಕದ ಅಲೆಗಳು. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನಿಂತು ಫೋನ್ ಮಾಡುವವನ ಜೇಬಿನಲ್ಲಿ ಇಂಥವು ಹತ್ತಾರು ಇವೆ, ತಿರುಗಿಸಲು ತಿರುಪೊಂದೂ ಇಲ್ಲದೆ.